ಎರಡು ಪುಟಕ್ಕೆ ಏನು ಬರೆಯಲಿ?

ಪತ್ರ: ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ನಿಮ್ಮ ಗುರಿ ಏನಿತ್ತು, ಏನು ಕಲಿತಿರಿ ಎಂದು ಎರಡು ಪುಟ ಬರೆದುಕೊಡಲು ಕಾಲೇಜಿನಲ್ಲಿ ಹೇಳಿದ್ದಾರೆ. ಮೊದಲ ವರ್ಷ ಮೂರು ಗುರಿ ಇಟ್ಟುಕೊಂಡಿದ್ದೆ: ಒಳ್ಳೆಯ ಅಂಕ ತೆಗೆಯುವುದು, ಮುಂದೆ ಸಂಶೋಧನೆಗೆ ಹೋಗುವುದು, ವೇದಿಕೆ ಮೇಲೆ ಹೆದರದೆ ಮಾತಾಡುವುದು. ಅಂಕ ಸಾಧಾರಣ. ಈಗೀಗ ಪುಸ್ತಕ ಮುಚ್ಚಿಟ್ಟು ಬರೆದು ನೋಡುತ್ತೇನೆ, ಹಾಗಾಗಿ ಕೊನೆಯ ಎರಡು ಸೆಮಿಸ್ಟರ್ ಪರವಾಗಿಲ್ಲ. ಸಂಶೋಧನೆಯ ಆಸೆ ಬಿಟ್ಟೆ. ಮಾತು ಈಗಲೂ ತಡವರಿಸುತ್ತದೆ. ಎರಡನೇ ವರ್ಷ ಓದಿದ ಸಂಖ್ಯಾಶಾಸ್ತ್ರ ಪೂರ್ತಿ ಮರೆತಿದೆ. ಪ್ರಾಜೆಕ್ಟ್‌ಗೆ ಒಂದು ಸರ್ವೆ ಮಾಡಿದೆವು. ‘ಗ್ರಂಥಾಲಯದ ವೇಳೆ ಮತ್ತು ಪುಸ್ತಕಗಳು ನಿಮಗೆ ತೃಪ್ತಿ ತಂದಿವೆಯೇ?’ ಎಂಬ ಪ್ರಶ್ನೆಗೆ ಹೆಚ್ಚಿನವರು ಉತ್ತರವೇ ಕೊಡದ ಕಾರಣ ಅದನ್ನು ಎರಡು ಮಾಡಿ ಮತ್ತೆ ಹೋಗಬೇಕಾಯಿತು. ಇನ್ನೇನಿಲ್ಲ. ‘ಸಮಯ ನಿರ್ವಹಣೆ, ತಂಡದ ಕೆಲಸ, ಸಂವಹನ ಕೌಶಲ’ ಎಂದು ಎಲ್ಲರಂತೆ ಬರೆದೆ. ಓದಿದರೆ ನನಗೇ ನಂಬಿಕೆ ಬರಲಿಲ್ಲ. ಇಂಥದ್ದರಲ್ಲಿ ಎಷ್ಟು ಸುಳ್ಳು ನಡೆಯುತ್ತದೆ?

ಉತ್ತರ: ಸುಳ್ಳು ಬೇಕಾಗುವುದಿಲ್ಲ. ನಿಮ್ಮ ಪತ್ರದಲ್ಲೇ ಎರಡು ಪುಟದ ಸರಕಿದೆ. ನೀವು ‘ಇನ್ನೇನಿಲ್ಲ’ ಎಂದು ಬರೆದಿರಲ್ಲ, ಅದರ ಹಿಂದಿನ ವಾಕ್ಯದಿಂದಲೇ ಶುರು ಮಾಡೋಣ.

ಪುಸ್ತಕಗಳು ಇಷ್ಟವಾಗಿ, ವೇಳೆ ಹಿಡಿಸದ ಒಬ್ಬರು ನಿಮ್ಮ ಆ ಪ್ರಶ್ನೆಗೆ ಏನು ಹೇಳಬೇಕು? ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಸುಮ್ನೆ ಬಿಟ್ಟುಬಿಡುತ್ತಾರೆ. ಒಂದೇ ಪ್ರಶ್ನೆಯಲ್ಲಿ ಎರಡು ವಿಷಯ ಕೇಳಬಾರದು ಎಂಬುದು ಸರ್ವೆ ಮಾಡುವವರಿಗೆಲ್ಲ ಮೊದಲೇ ಹೇಳಿಕೊಡುವ ಮಾತು. ಅದನ್ನು ನೀವು ಪಾಠದಲ್ಲಿ ಕೇಳಿದ್ದಿರೋ ಇಲ್ಲವೋ, ಖಾಲಿ ಬಂದ ಹಾಳೆಗಳನ್ನು ನೋಡಿ ಕಂಡುಕೊಂಡಿರಿ. ಜನರಿಗೆ ಆಸಕ್ತಿಯಿಲ್ಲ ಎಂದು ಬೈದು ಕೈಬಿಡಬಹುದಿತ್ತು. ಖಾಲಿ ಬಿಟ್ಟದ್ದನ್ನು ‘ಇಲ್ಲ’ ಎಂದು ಎಣಿಸಿ ಪಟ್ಟಿ ತುಂಬಿಸುವವರೂ ಇರುತ್ತಾರೆ, ನಮಗೆ ಬರುವ ಕೆಲವು ಲೇಖನಗಳ ಅಂಕಿಗಳನ್ನು ನೋಡಿದರೆ ಆ ಗುಮಾನಿ ಜಾಸ್ತಿಯೇ ಆಗುತ್ತದೆ. ನೀವು ಪ್ರಶ್ನೆಯನ್ನೇ ಅನುಮಾನಿಸಿದಿರಿ. ಒಂದು ಪುಟ ಇದಕ್ಕೇ ಕೊಡಿ. ಯಾರು ಮೊದಲು ಗಮನಿಸಿದರು, ಗೆಳೆಯರು ಒಪ್ಪಿದರೇ, ಎರಡನೇ ಸಲ ಹೋದಾಗ ಉತ್ತರಗಳಲ್ಲಿ ಏನು ಬದಲಾಯಿತು ಎಂದೆಲ್ಲ ಬರೆಯಿರಿ. ಹಾಗೆ ಬರೆದರೆ ‘ತಂಡದ ಕೆಲಸ’ ಎಂಬ ಮಾತನ್ನು ಹೆಸರಿಸುವ ಅಗತ್ಯವೇ ಬರುವುದಿಲ್ಲ. ಓದುವವರಿಗೆ ಕಾಣುತ್ತದೆ.

ಇನ್ನು ಮರೆವು. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಗಂಟೆಯಲ್ಲೇ ಜೋರು, ಆಮೇಲೆ ನಿಧಾನ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅವರು ಅಳೆದ ರೀತಿ ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ. ನೆನಪಿದೆಯೇ ಎಂದು ಅವರು ಕೇಳಿಕೊಳ್ಳಲಿಲ್ಲ. ಅದನ್ನೇ ಮತ್ತೆ ಕಲಿಯಲು ಎಷ್ಟು ಕಡಿಮೆ ಹೊತ್ತು ಸಾಕು ಎಂದು ನೋಡಿದರು. ಒಂದು ತಿಂಗಳ ನಂತರವೂ ಸುಮಾರು ಐದನೇ ಒಂದು ಪಾಲು ಶ್ರಮ ಉಳಿತಾಯವಾಯಿತು, ಅದೂ ತಲೆಬುಡವಿಲ್ಲದ ಅಕ್ಷರಗಳಲ್ಲಿ. ನೀವು ಓದಿದ ಸಂಖ್ಯಾಶಾಸ್ತ್ರಕ್ಕಾದರೂ ಅರ್ಥವಿದೆ, ಅಲ್ವಾ? ಹಳೆಯ ಪುಸ್ತಕದ ಒಂದು ಅಧ್ಯಾಯ ತೆರೆದು ಕೂರಿ. ಅಂದು ವಾರಗಟ್ಟಲೆ ಹಿಡಿದದ್ದು ಇಂದು ಎಷ್ಟು ಹೊತ್ತಿಗೆ ಬಿಡಿಸಿಕೊಳ್ಳುತ್ತದೆ ನೋಡಿ, ಬಂದ ಉತ್ತರವನ್ನು ಹಾಗೇ ಬರೆಯಿರಿ.

ಅಂಕದ ಗುರಿಯಲ್ಲಿ ಒಂದು ತೊಡಕಿತ್ತು. ಒಳ್ಳೆಯ ಅಂಕ ಬೇಕು ಎಂದುಕೊಂಡರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂದು ಅದು ಹೇಳುವುದಿಲ್ಲ. ಪುಸ್ತಕ ಮುಚ್ಚಿ ಬರೆದು ನೋಡುವ ನಿಮ್ಮ ಅಭ್ಯಾಸ ಹೇಳುತ್ತದೆ. ಅದನ್ನು ನೀವು ಗುರಿಯ ಪಟ್ಟಿಗೆ ಸೇರಿಸಿಯೇ ಇಲ್ಲ! ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಪಾಠವನ್ನು ಎರಡು ಸಲ ಓದಿದವರು ಐದು ನಿಮಿಷದ ನಂತರ ಶೇ. 81ರಷ್ಟು ನೆನಪಿಸಿಕೊಂಡರು, ಒಮ್ಮೆ ಓದಿ ನೆನಪಿನಿಂದ ಬರೆದವರು ಶೇ. 75. ವಾರ ಕಳೆದ ಮೇಲೆ ಓದಿದವರದು ಶೇ. 42ಕ್ಕೆ ಇಳಿಯಿತು, ಬರೆದವರದು ಶೇ. 56ರಲ್ಲಿ ನಿಂತಿತು. ಮತ್ತೆ ಮತ್ತೆ ಓದುವ ಅಭ್ಯಾಸ ಮೋಸ ಮಾಡುವುದು ಆ ಮೊದಲ ಐದು ನಿಮಿಷದಲ್ಲೇ. ಎಲ್ಲ ಬಂತು ಅನಿಸಿಬಿಡುತ್ತದೆ. ನೀವು ಅದರಿಂದ ಹೇಗೆ ಹೊರಬಂದಿರಿ, ಯಾವ ಪರೀಕ್ಷೆಯ ನಂತರ, ಅದು ಬರಲಿ.

ಸಂಶೋಧನೆಯ ಆಸೆ ಬಿಟ್ಟದ್ದಕ್ಕೆ ಕ್ಷಮೆ ಕೇಳುವ ಧಾಟಿ ಬೇಡ. ಅದರ ಕೆಲಸ ಹೇಗಿರುತ್ತದೆ ಎಂದು ಗೊತ್ತಿಲ್ಲದಾಗ ಇಟ್ಟುಕೊಂಡ ಗುರಿ ಅದು. ಸರ್ವೆ ಮಾಡಿ ನೋಡಿದ ಮೇಲೆ ಬೇಡ ಅನಿಸಿದ್ದರೆ ಕಾರಣ ಬರೆಯಿರಿ. ಸುಮ್ಮನೆ ಧೈರ್ಯ ಸಾಲದೆ ಬಿಟ್ಟಿದ್ದರೆ ಅದನ್ನೂ ಬರೆಯಿರಿ. ಎರಡರಲ್ಲಿ ಯಾವುದು ಎಂದು ನಿಮ್ಮ ಪತ್ರದಿಂದ ನನಗೆ ತಿಳಿಯಲಿಲ್ಲ.

ವೇದಿಕೆಯ ಮಾತು ಇನ್ನೂ ಬಂದಿಲ್ಲ ಎಂಬುದಕ್ಕೆ ಒಂದು ವಾಕ್ಯ ಸಾಕು. ‘ಪ್ರಯತ್ನ ಮುಂದುವರಿದಿದೆ’ ಎಂದು ಸೇರಿಸಬೇಡಿ, ನಿಜವಾಗಿ ಮುಂದುವರಿದಿದ್ದರೆ ಬೇರೆ ಮಾತು. ಎರಡು ಪುಟ ತುಂಬದಿದ್ದರೆ ಒಂದೂವರೆಗೆ ನಿಲ್ಲಿಸಿ ಕೊಟ್ಟುಬಿಡಿ.

— ಸಂಪಾದಕ