ಬರ್ಲಿನ್ ಮ್ಯಾರಥಾನ್ ಮೊದಲೋ, ಪ್ರಾಗ್ ಸುತ್ತಾಟ ಮೊದಲೋ?

ಸೆಪ್ಟೆಂಬರ್‌ನ ಭಾನುವಾರ ನಡೆಯುವ ಬರ್ಲಿನ್ ಮ್ಯಾರಥಾನ್‌ಗೆ ಹೋಗುವಾಗ ಪ್ರಾಗ್ ಅನ್ನು ಓಟಕ್ಕೆ ಮುಂಚೆ ನೋಡಲೋ, ಆಮೇಲೆ ನೋಡಲೋ ಅಂತ ಕೇಳಿದ್ದೀರಿ. ಕಳೆದ ಸಲ ಆಮ್‌ಸ್ಟರ್‌ಡ್ಯಾಮ್ ಮ್ಯಾರಥಾನ್‌ನಲ್ಲಿ 30 ಕಿಲೋಮೀಟರಿಗೇ ಕಾಲು ಕೈಕೊಟ್ಟಿದ್ದು ಬಹುಶಃ ಜೆಟ್‌ಲ್ಯಾಗ್‌ನಿಂದಲ್ಲ, ಓಟಕ್ಕೆ ಮುಂಚಿನ ಎರಡು ದಿನದ ನಡಿಗೆಯಿಂದ. ದಿನಕ್ಕೆ 25,000 ಹೆಜ್ಜೆ ಅಂತ ನೀವೇ ಬರೆದಿದ್ದೀರಿ. ಶೂ ಹೊಸದಿತ್ತಾ ಅಂತ ಹೇಳಿಲ್ಲ, ಅದೂ ಒಂದು ಕಾರಣ ಇರಬಹುದು.

ಹಾಗಾಗಿ ಪ್ರಾಗ್ ಸುತ್ತಾಟವನ್ನು ಓಟದ ನಂತರಕ್ಕೆ ತಳ್ಳಿ. ಬರ್ಲಿನ್‌ನಿಂದ ರೈಲಿನಲ್ಲಿ ನಾಲ್ಕು ಗಂಟೆ ಚಿಲ್ಲರೆ, ಅಷ್ಟೆ. ಓಡುವ ಶೂ, ಬಟ್ಟೆ, ಓಡುವಾಗ ಶಕ್ತಿಗೆ ತಿನ್ನುವ ಜೆಲ್ ಎಲ್ಲಾ ವಿಮಾನದೊಳಗೆ ಒಯ್ಯುವ ಕೈಚೀಲದಲ್ಲೇ ಇರಲಿ. ನನ್ನ ಚೆಕ್‌ಇನ್ ಬ್ಯಾಗ್ ಒಮ್ಮೆ ಓಟ ಮುಗಿದ ಮೇಲೆ ಬಂತು!

ಗುರುವಾರ ತಲುಪುತ್ತೀರಲ್ವಾ, ಬಿಬ್ (ಎದೆಗೆ ಹಚ್ಚುವ ಓಟದ ನಂಬರ್ ಚೀಟಿ) ತರೋದನ್ನು ಶುಕ್ರವಾರವೇ ಮುಗಿಸಿ. ಪಾಸ್‌ಪೋರ್ಟ್ ಹಿಡಿದು ನೀವೇ ಹೋಗಬೇಕು. ಬಿಬ್ ಕೊಡುವ ಜಾಗದ ಮಳಿಗೆಗಳಲ್ಲಿ ಸುಮ್ನೆ ಅಲೆದರೆ ಎರಡು ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಊರು ನೋಡಲೇಬೇಕು ಅನ್ನಿಸಿದರೆ ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕದಲ್ಲಿ 100 ನಂಬರ್ ಡಬಲ್ ಡೆಕ್ಕರ್ ಬಸ್ ಹತ್ತಿ, ಮೇಲಿನ ಮಹಡಿಯಲ್ಲಿ ಕೂತೇ ಅರ್ಧ ಬರ್ಲಿನ್ ನೋಡಬಹುದು. ಶನಿವಾರ ಸ್ಪ್ರೇ ನದಿಯ ದೋಣಿ ಸಾಕು.

ಸೆಪ್ಟೆಂಬರ್‌ನಲ್ಲಿ ನಮಗೂ ಬರ್ಲಿನ್‌ಗೂ ಮೂರೂವರೆ ಗಂಟೆ ವ್ಯತ್ಯಾಸ. ನಸುಕಿಗೇ ಎಚ್ಚರವಾಗುತ್ತೆ, ಗಾಬರಿ ಬೇಡ. ನಿಜವಾದ ತೊಂದರೆ ತಿಂಡಿಯದು. ನಮ್ಮಲ್ಲಿ ಐದಕ್ಕೆಲ್ಲ ಓಡಿ ರೂಢಿ, ಅಲ್ಲಿ ಸ್ಟಾರ್ಟ್ ಆಗುವಾಗ ಒಂಬತ್ತು ದಾಟಿರುತ್ತೆ. ಆರಕ್ಕೆ ಬ್ರೆಡ್, ಜಾಮ್, ಬಾಳೆಹಣ್ಣು ಹೊಟ್ಟೆ ತುಂಬ ತಿನ್ನಿ, ಎಂಟೂವರೆಗೆ ಇನ್ನೊಂದು ಬಾಳೆಹಣ್ಣು. ಈ ಲೆಕ್ಕವನ್ನು ಹೊರಡೋ ಮುಂಚೆ ನಮ್ಮೂರಲ್ಲೇ ಎರಡು ಭಾನುವಾರ ಒಂಬತ್ತಕ್ಕೆ ಓಡಿ ಪರೀಕ್ಷಿಸಿ.

ವಾಪಸ್ ವಿಮಾನ ಓಟದ ದಿನವೇ, ಅಂದರೆ ಭಾನುವಾರ ರಾತ್ರಿಯದ್ದಾಗಿದ್ದರೆ ಇವತ್ತೇ ಬದಲಾಯಿಸಿಕೊಳ್ಳಿ.