ದೇಶ ಬೆಳೆದರೆ ನಮ್ಮ ಪಾಲು ತಾನಾಗಿ ಬರುತ್ತದಾ?

ಆರ್ಥಿಕತೆ ಇಷ್ಟು ಜೋರಾಗಿ ಬೆಳೆಯುತ್ತಿದೆ, ಇನ್ನೊಂದಿಷ್ಟು ವರ್ಷ ಕಾದರೆ ನಮಗೂ ಅದರ ಲಾಭ ಬರುತ್ತದೆ ಅಲ್ವಾ ಅಂತ ಕೇಳಿದ್ದೀರಿ. ನಾನೂ ಹೀಗೇ ಕಾದು ಕೂತವನು.

ಆಗ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ವ್ಯಾಪಾರ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಸಿಬ್ಬಂದಿಯ ಸರಾಸರಿ ಸಂಬಳವೂ ಚೆನ್ನಾಗಿ ಏರಿದೆ ಅಂತ ವಾರ್ಷಿಕ ವರದಿಯಲ್ಲಿ ಬಂತು. ನನ್ನದು ಏರಿರಲಿಲ್ಲ, ನನ್ನ ಸರದಿಯೂ ಬರುತ್ತದೆ ಅಂದುಕೊಂಡೆ. ಅದೇ ಧೈರ್ಯದ ಮೇಲೆ ಮನೆ ಸಾಲ ಮಾಡಿದೆ. ಕಂತು ಆಗಿನ ಸಂಬಳಕ್ಕೆ ಭಾರವೇ, ಆದರೆ ಮುಂದೆ ಬರುವ ಸಂಬಳಕ್ಕೆ ಹಗುರ ಅನ್ನುವ ಲೆಕ್ಕ. ಆ ಸಂಬಳ ಬರಲೇ ಇಲ್ಲ. ಮನೆ ಮಾರಿ ಸಾಲ ತೀರಿಸಬೇಕಾಯಿತು.

ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಹತ್ತು ಜನ ಇದ್ದಾರೆ ಅನ್ನಿ. ಒಂಬತ್ತು ಜನಕ್ಕೆ ತಲಾ 100, ಒಬ್ಬರಿಗೆ 1000. ಸರಾಸರಿ 190. ಮುಂದಿನ ವರ್ಷ ಆ ಒಬ್ಬರದು 2000 ಆಯಿತು, ಉಳಿದವರದು ಅಷ್ಟೇ. ಸರಾಸರಿ 290! ಶೇ. 50ಕ್ಕಿಂತ ಜಾಸ್ತಿ ಏರಿಕೆ, ಆದರೆ ಒಂಬತ್ತು ಜನರ ಕೈಗೆ ಏನೂ ಬಂದಿಲ್ಲ. ಬೆಲೆ ಏರಿದ್ದರೆ ಅವರು ಮೊದಲಿಗಿಂತ ಬಡವರು. ನಾನು ನೋಡಬೇಕಾಗಿದ್ದದ್ದು ಸರಾಸರಿಯನ್ನಲ್ಲ. ಎಲ್ಲರ ಸಂಬಳವನ್ನೂ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದರೆ ನಟ್ಟನಡುವೆ ಬರುವವರ ಸಂಬಳವನ್ನು. ಆ ಪಟ್ಟಿ ಪ್ರತಿ ತಿಂಗಳೂ ನನ್ನ ಮೇಜಿಗೇ ಬರುತ್ತಿತ್ತು. ಅತಿ ಹೆಚ್ಚು ಸಂಬಳದ ಕೆಲವು ಹೆಸರು ಬಿಟ್ಟು, ಉಳಿದದ್ದನ್ನು ಹಿಂದಿನ ವರ್ಷದ ಪಟ್ಟಿಯ ಪಕ್ಕ ಇಟ್ಟಿದ್ದರೆ ಸಾಕಿತ್ತು. ಇಡಲಿಲ್ಲ.

ದೇಶದ ತಲಾ ಆದಾಯವೂ ಇಂಥದೇ ಸರಾಸರಿ. ಅಮೆರಿಕದ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿಕೊಟ್ಟ ಸೈಮನ್ ಕುಜ್ನೆಟ್ಸ್ 1934ರ ಆ ವರದಿಯಲ್ಲೇ, ಈ ಅಂಕಿ ನೋಡಿ ಜನ ಸುಖವಾಗಿದ್ದಾರೆ ಅಂತ ಹೇಳಲಾಗದು ಎಂದು ಎಚ್ಚರಿಸಿದ್ದರು. 2015ರಲ್ಲಿ ಐರ್ಲೆಂಡ್‌ನ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಮೌಲ್ಯ, ಒಂದೇ ವರ್ಷಕ್ಕೆ ಶೇ. 25ರಷ್ಟು ಜಿಗಿಯಿತು. ಮುಖ್ಯ ಕಾರಣ, ದೊಡ್ಡ ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟ್‌ನಂಥ ಆಸ್ತಿಯನ್ನು ಅಲ್ಲಿನ ಲೆಕ್ಕಕ್ಕೆ ವರ್ಗಾಯಿಸಿದ್ದು. ಆ ವರ್ಷ ಅಲ್ಲಿನ ಸಂಸಾರಗಳ ಆದಾಯ ಹಾಗೆ ಜಿಗಿಯಲಿಲ್ಲ.

ಹಾಗಂತ ಬೆಳವಣಿಗೆಯೇ ಬೇಡ ಅನ್ನುವವನಲ್ಲ ನಾನು. ಚೀನಾದಲ್ಲಿ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು. ಬೆಳವಣಿಗೆ ಇಲ್ಲದೆ ಅದು ಆಗುವ ಮಾತಲ್ಲ. ನಾನು ಒಪ್ಪದಿರುವುದು 'ಕಾದರೆ ಬರುತ್ತದೆ' ಅನ್ನುವುದನ್ನು. ಬ್ರಿಟನ್‌ನಲ್ಲಿ 19ನೇ ಶತಮಾನದ ಮೊದಲ ದಶಕಗಳಲ್ಲಿ ಕಾರ್ಖಾನೆಗಳ ಉತ್ಪಾದನೆ ಏರುತ್ತಲೇ ಹೋಯಿತು, ಕೂಲಿ ಮಾತ್ರ ಹಿಂದೆಯೇ ಉಳಿಯಿತು. ಎಷ್ಟೋ ಜನ ಕಾಯುತ್ತಲೇ ಸತ್ತರು. ದಕ್ಷಿಣ ಕೊರಿಯಾದಲ್ಲಿ ಕಾರ್ಖಾನೆಗಳು ಎದ್ದು ನಿಲ್ಲುವ ಮೊದಲೇ, 1950ರ ಆಸುಪಾಸಿನಲ್ಲಿ, ಗೇಣಿದಾರರಿಗೆ ಭೂಮಿ ಸಿಕ್ಕಿತ್ತು, ಮಕ್ಕಳು ಶಾಲೆಗೆ ಹೋಗತೊಡಗಿದ್ದರು. ಹಾಗಾಗಿ ಅಲ್ಲಿ ಬೆಳವಣಿಗೆಯಲ್ಲಿ ಸಾಮಾನ್ಯರಿಗೂ ಪಾಲು ಸಿಕ್ಕಿತು. ಆಫ್ರಿಕಾದ ಈಕ್ವೆಟೋರಿಯಲ್ ಗಿನಿಯಲ್ಲಿ ತೈಲ ಸಿಕ್ಕಿ ತಲಾ ಆದಾಯ ಗಗನಕ್ಕೇರಿದರೂ ಹೆಚ್ಚಿನ ಜನ ಬಡವರಾಗಿಯೇ ಉಳಿದರು. ಪಾಲು ಹಂಚುವ ವ್ಯವಸ್ಥೆಯನ್ನು ಯಾರಾದರೂ ಕಟ್ಟಬೇಕು, ಕೇಳಬೇಕು, ಜಗಳವಾಡಿಯಾದರೂ ಪಡೆಯಬೇಕು.

ಆದ್ದರಿಂದ ಸುಮ್ನೆ ಕಾಯಬೇಡಿ. ಐದು ವರ್ಷದ ಹಿಂದಿನ ಸಂಬಳದ ಚೀಟಿ ತೆಗೆಯಿರಿ, ಅಲ್ಲಿಂದ ಇಲ್ಲಿಗೆ ಬೆಲೆ ಎಷ್ಟು ಏರಿದೆ ಅಂತ ಪಕ್ಕದಲ್ಲಿ ಬರೆಯಿರಿ. ಸಂಬಳ ಹಿಂದೆ ಬಿದ್ದಿದ್ದರೆ ಆ ಕಾಗದ ಹಿಡಿದು ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ಜೊತೆಯಲ್ಲಿ ಕೆಲಸ ಮಾಡುವವರ ಲೆಕ್ಕವನ್ನೂ ಸೇರಿಸಿಕೊಳ್ಳಿ. ಕೈಗೆ ಬಾರದ ಸಂಬಳವನ್ನು ನಂಬಿ ಸಾಲಕ್ಕಂತೂ ಸಹಿ ಹಾಕಲೇಬೇಡಿ.