ದಿಲ್ಲಿಗೆ ಬ್ಯಾಟರಿ ವಿಮಾನ ಯಾವಾಗ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಸ್ಕೂಟರ್ ಕರೆಂಟಿನಲ್ಲಿ ಓಡುತ್ತಿದೆ, ಬಸ್ಸೂ ಓಡುತ್ತಿದೆ. ವಿಮಾನ ಮಾತ್ರ ಯಾಕೆ ಇನ್ನೂ ಎಣ್ಣೆಯನ್ನೇ ಸುಡುತ್ತಿದೆ? ತೈಲ ಕಂಪನಿಗಳ ಲಾಬಿ ಕಾರಣವೇ? ಬೆಂಗಳೂರಿನಿಂದ ದಿಲ್ಲಿಗೆ ಬ್ಯಾಟರಿ ವಿಮಾನ ಯಾವಾಗ ಬಂದೀತು? ಪಿಯುಸಿ ಓದುತ್ತಿರುವ ಮಗಳು ಏರೋನಾಟಿಕಲ್ ಎಂಜಿನಿಯರಿಂಗ್ ಮಾಡುತ್ತೇನೆ ಎನ್ನುತ್ತಿದ್ದಾಳೆ. ಮುಂದೆ ಆ ಓದಿಗೆ ಬೆಲೆ ಇರುತ್ತದೆಯೇ?"

ಸಂಪಾದಕರ ಉತ್ತರ:

ಅಡ್ಡಿಯಾಗಿರುವುದು ಲಾಬಿಯಲ್ಲ, ತೂಕ. ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ ಲೆಕ್ಕದಲ್ಲೇ ನೋಡೋಣ. ವಿಮಾನಕ್ಕೆ ಹಾಕುವ ಎಟಿಎಫ್ ಎಂದರೆ ಚೆನ್ನಾಗಿ ಶುದ್ಧ ಮಾಡಿದ ಸೀಮೆಎಣ್ಣೆ. ಅದರ ಒಂದು ಕಿಲೋದಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ. ಇವತ್ತು ವಿಮಾನಕ್ಕೆ ಹೊಂದುವ ಲಿಥಿಯಂ ಬ್ಯಾಟರಿ ಪ್ಯಾಕನ್ನು, ಅದರ ಪೆಟ್ಟಿಗೆ, ತಂಪು ಮಾಡುವ ಕೊಳವೆ, ತಂತಿಗಳ ಸಮೇತ ತೂಗಿದರೆ, ಕಿಲೋಗೆ ಸಿಗುವುದು 0.15ರಿಂದ 0.2 ಯೂನಿಟ್.

ಈಗ ನಿಮ್ಮ ದಿಲ್ಲಿ ವಿಮಾನ. ಏರ್‌ಬಸ್ ಎ320 ನಿಯೋ ಬೆಂಗಳೂರಿನಿಂದ ಅಲ್ಲಿಗೆ ಹೋಗಲು, ಗಾಳಿ ಮತ್ತು ಹೊರೆ ನೋಡಿಕೊಂಡು, ಸುಮಾರು 6 ಟನ್ ಇಂಧನ ಸುಡುತ್ತದೆ. ಅಂದರೆ 72,000 ಯೂನಿಟ್. ಜೆಟ್ ಎಂಜಿನ್ ಅದರಲ್ಲಿ ಶೇ 35ರಿಂದ 40ರಷ್ಟನ್ನು ಮಾತ್ರ ವಿಮಾನವನ್ನು ಮುಂದೆ ತಳ್ಳಲು ಬಳಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ನಿಜವಾಗಿ ಕೆಲಸಕ್ಕೆ ಬಂದದ್ದು 27,000 ಯೂನಿಟ್. ವಿದ್ಯುತ್ ಮೋಟರಿನಲ್ಲಿ ನಷ್ಟ ಬಹಳ ಕಡಿಮೆ. ಅದಕ್ಕೆ ಶೇ 10 ಕಳೆದರೂ ಬ್ಯಾಟರಿಯಲ್ಲಿ 30,000 ಯೂನಿಟ್ ಇದ್ದರೆ ಸಾಕು. ಕಿಲೋಗೆ 0.2 ಯೂನಿಟ್‌ನಂತೆ ಅದರ ತೂಕ 150 ಟನ್! ಎ320 ನಿಯೋ ನೆಲ ಬಿಡುವಾಗ ಪ್ರಯಾಣಿಕರು, ಸಾಮಾನು, ಇಂಧನ ಎಲ್ಲ ಸೇರಿ ಹೆಚ್ಚೆಂದರೆ 79 ಟನ್ ಇರಬಹುದು. ನಾಳೆ ಬ್ಯಾಟರಿಯ ಸಾಮರ್ಥ್ಯ ಎರಡು ಪಟ್ಟಾದರೂ ಲೆಕ್ಕ ಕೂಡಿಬರುವುದಿಲ್ಲ. ಅಷ್ಟು ಭಾರ ಹೊರಲು ಬೇಕಾಗುವ ಹೆಚ್ಚುವರಿ ಶಕ್ತಿಯನ್ನು ನಾವಿನ್ನೂ ಇದರಲ್ಲಿ ಸೇರಿಸಿಯೇ ಇಲ್ಲ.

ಇನ್ನೊಂದು ತೊಡಕಿದೆ. ಇಂಧನ ಉರಿದಂತೆ ವಿಮಾನ ಹಗುರಾಗುತ್ತ ಹೋಗುತ್ತದೆ. ಅದನ್ನು ನಂಬಿಯೇ ಎ320 ನಿಯೋದ ಗರಿಷ್ಠ ಇಳಿಯುವ ತೂಕವನ್ನು 67 ಟನ್ನಿನ ಆಸುಪಾಸಿಗೆ ಇಟ್ಟಿದ್ದಾರೆ. ಬ್ಯಾಟರಿ ಖಾಲಿಯಾದರೂ ಒಂದು ಗ್ರಾಂ ಕಡಿಮೆಯಾಗುವುದಿಲ್ಲ. ಏರಿದಷ್ಟೇ ಭಾರದಲ್ಲಿ ಇಳಿಯಬೇಕು, ಅದಕ್ಕೆ ಚಕ್ರ, ಬ್ರೇಕು, ರೆಕ್ಕೆಯ ಬುಡ ಎಲ್ಲವನ್ನೂ ಇನ್ನಷ್ಟು ಗಟ್ಟಿ ಮಾಡಬೇಕು. ಪೈಲಟ್‌ಗಳು ಹೆಚ್ಚು ಚಿಂತಿಸುವುದು ಕೊನೆಯ ಕ್ಷಣದ ಬಗ್ಗೆ. ರನ್‌ವೇ ಹತ್ತಿರ ಬಂದಾಗ ಏನೋ ಸರಿಯಿಲ್ಲವೆಂದು ಕಂಡರೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕು. ಎಣ್ಣೆಯ ಎಂಜಿನ್‌ಗೆ ಟ್ಯಾಂಕಿನಲ್ಲಿ ಎಷ್ಟಿದೆ ಎಂಬುದು ಮುಖ್ಯವಲ್ಲ, ಇರುವಷ್ಟು ಹೊತ್ತೂ ಪೂರ್ತಿ ಬಲ ಸಿಗುತ್ತದೆ. ಬ್ಯಾಟರಿ ಹಾಗಲ್ಲ. ಚಾರ್ಜ್ ಇಳಿದಂತೆ ವೋಲ್ಟೇಜ್ ಇಳಿಯುತ್ತದೆ, ಚಳಿಯಲ್ಲಿ ಇನ್ನೂ ಇಳಿಯುತ್ತದೆ, ಹಳೆಯದಾದರೆ ಒಳಗಿನ ರೋಧ ಹೆಚ್ಚಿ ದೊಡ್ಡ ಕರೆಂಟು ಎಳೆದ ಕೂಡಲೇ ಕುಸಿಯುತ್ತದೆ. ಶಕ್ತಿ ಅತಿ ಹೆಚ್ಚು ಬೇಕಾಗುವ ಹೊತ್ತಿಗೇ ಬ್ಯಾಟರಿ ಅತಿ ದುರ್ಬಲವಾಗಿರುತ್ತದೆ. ಆದ್ದರಿಂದ ಕಂಪನಿ ಹೇಳುವ ಯೂನಿಟ್‌ಗಳಲ್ಲಿ ಕೊನೆಯ ಪಾಲು ಮುಟ್ಟಬಾರದ ಮೀಸಲು.

ಹಾಗಂತ ಬ್ಯಾಟರಿ ವಿಮಾನ ಬರೀ ಕನಸಲ್ಲ. ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ವೆಲಿಸ್ ಎಲೆಕ್ಟ್ರೊ 2020ರ ಜೂನ್‌ನಲ್ಲಿ ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆಯ ಪ್ರಮಾಣಪತ್ರ ಪಡೆಯಿತು. ಪೂರ್ತಿ ವಿದ್ಯುತ್ತಿನಿಂದ ಹಾರುವ ವಿಮಾನಕ್ಕೆ ಇಂಥ ಪ್ರಮಾಣಪತ್ರ ಸಿಕ್ಕಿದ್ದು ಅದೇ ಮೊದಲು. ಎರಡು ಸೀಟು, ಹೆಚ್ಚೆಂದರೆ 600 ಕಿಲೋ ತೂಕ, 57.6 ಕಿಲೋವ್ಯಾಟ್ ಮೋಟರು. ತಲಾ 11 ಯೂನಿಟ್ ಮತ್ತು ಸುಮಾರು 70 ಕಿಲೋದ ಎರಡು ಬ್ಯಾಟರಿಗಳು, ಒಂದು ಮುಂದೆ, ಒಂದು ಸೀಟಿನ ಹಿಂದೆ. ಒಂದು ಕೆಟ್ಟರೆ ಇನ್ನೊಂದರಲ್ಲಿ ಹಾರಾಟ ಮುಂದುವರಿಸಿ ಇಳಿಯಬಹುದು. ಇಬ್ಬರು ಮನುಷ್ಯರಿಗೆ ಉಳಿಯುವುದು 172 ಕಿಲೋ, ಹಾರಾಟ ಸುಮಾರು 50 ನಿಮಿಷ ಮತ್ತು ಮೀಸಲು. ಊರಿಂದೂರಿಗೆ ಹೋಗಲು ಇದು ಸಾಲದು. ಆದರೆ ತರಬೇತಿ ಶಾಲೆಯಲ್ಲಿ ಹೊಸಬರು ಮಾಡುವುದೇ ರನ್‌ವೇ ಸುತ್ತ ಸುತ್ತು ಹಾಕಿ ಏರಿ ಇಳಿಯುವ ಅಭ್ಯಾಸ, ಅದಕ್ಕೆ ಇಷ್ಟು ಹೊತ್ತು ಸಾಕು. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ ತನ್ನ ಹಂಸ ತರಬೇತಿ ವಿಮಾನದ ವಿದ್ಯುತ್ ರೂಪ 'ಇ-ಹಂಸ'ವನ್ನು ಕೈಗೆತ್ತಿಕೊಂಡಿರುವುದು ಇದೇ ಜಾಗಕ್ಕೆ. ಗುರಿ ಸರಿಯಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಬೆಂಕಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. 2013ರ ಜನವರಿ 7ರಂದು ಬಾಸ್ಟನ್ನಿನಲ್ಲಿ ನಿಂತಿದ್ದ ಬೋಯಿಂಗ್ 787ರ ಬ್ಯಾಟರಿ ಹೊತ್ತಿತು. ಎಂಟು ಸೆಲ್‌ಗಳ ಸಣ್ಣ ಬ್ಯಾಟರಿ ಅದು. ಒಂದು ಸೆಲ್ಲಿನೊಳಗೆ ಶಾರ್ಟ್ ಆಗಿ, ಅದರ ಕಾವು ಪಕ್ಕದ್ದಕ್ಕೆ, ಅಲ್ಲಿಂದ ಅದರಾಚೆಯದಕ್ಕೆ ಹಬ್ಬಿತು. ಅದೇ ತಿಂಗಳು ಜಪಾನಿನಲ್ಲೂ ಹಾಗೇ ಆಗಿ ಜಗತ್ತಿನ ಎಲ್ಲ 787ಗಳನ್ನೂ ನೆಲಕ್ಕಿಳಿಸಿದರು. ಪರಿಹಾರವಾಗಿ ಸೆಲ್‌ಗಳ ನಡುವೆ ಹೆಚ್ಚಿನ ತಡೆ ಹಾಕಿ, ಇಡೀ ಬ್ಯಾಟರಿಯನ್ನು ಸ್ಟೀಲ್ ಪೆಟ್ಟಿಗೆಯಲ್ಲಿಟ್ಟು, ಹೊಗೆ ನೇರ ಹೊರಗೆ ಹೋಗಲು ಕೊಳವೆ ಜೋಡಿಸಿದರು. ಪಾಠ ಸ್ಪಷ್ಟ: ಒಂದು ಸೆಲ್ ಕೆಡುವುದೇ ಇಲ್ಲ ಎಂದು ಕೂರುವಂತಿಲ್ಲ, ಕೆಟ್ಟರೂ ಪಕ್ಕದ್ದಕ್ಕೆ ಹಬ್ಬಬಾರದು. ಆ ತಡೆ, ಆ ಪೆಟ್ಟಿಗೆ ಎಲ್ಲಕ್ಕೂ ತೂಕವಿದೆ. 'ನಮ್ಮ ಸೆಲ್ ಕಿಲೋಗೆ 0.3 ಯೂನಿಟ್' ಎಂಬ ಜಾಹೀರಾತು ಪ್ಯಾಕಿನ ಹೊತ್ತಿಗೆ 0.2ಕ್ಕೆ ಇಳಿಯುವುದು ಹೀಗೆ.

ರನ್‌ವೇ ಇಲ್ಲದೆ ನಿಂತಲ್ಲೇ ಮೇಲೆದ್ದು ಹಾರುವ ಏರ್ ಟ್ಯಾಕ್ಸಿಯ ಸುದ್ದಿಗಳಿಗೂ ಇದೇ ಅಳತೆಗೋಲು ಹಿಡಿಯಿರಿ. ರೆಕ್ಕೆಯ ಮೇಲೆ ತೇಲುತ್ತ ಮುಂದೆ ಸಾಗುವುದಕ್ಕಿಂತ ನಿಂತಲ್ಲೇ ಮೇಲೇಳುವುದಕ್ಕೆ ಹಲವು ಪಟ್ಟು ಶಕ್ತಿ ಬೇಕು. ಇಳಿಯಲು ಜಾಗ ಖಾಲಿಯಾಗುವವರೆಗೆ ಎರಡು ನಿಮಿಷ ಆಕಾಶದಲ್ಲೇ ಕಾದರೆ ಮೀಸಲು ಕರಗುತ್ತದೆ. ಚೀನಾದ ಈಹ್ಯಾಂಗ್ ಕಂಪನಿಯ ಪೈಲಟ್ ಇಲ್ಲದ ಎರಡು ಸೀಟಿನ ಯಂತ್ರಕ್ಕೆ 2023ರಲ್ಲಿ ಅಲ್ಲಿಯ ಪ್ರಮಾಣಪತ್ರ ಸಿಕ್ಕಿತು. ಜರ್ಮನಿಯ ಏರ್ ಟ್ಯಾಕ್ಸಿ ಕಂಪನಿಗಳಾದ ಲಿಲಿಯಂ, ವೊಲೊಕಾಪ್ಟರ್ ಎರಡೂ 2024ರ ಕೊನೆಯಲ್ಲಿ ದಿವಾಳಿ ಅರ್ಜಿ ಹಾಕಿದವು. ಸುದ್ದಿ ಓದುವಾಗ ನಾಲ್ಕು ವಿಷಯ ಹುಡುಕಿ: ಹಾರಿದಾಗ ಒಳಗೆ ಮನುಷ್ಯರಿದ್ದರೇ, ಹೇಳಿದ ದೂರ ಮೀಸಲು ಕಳೆದದ್ದೇ, ತೂಕದ ಲೆಕ್ಕ ಸೆಲ್ಲಿನದೋ ಪ್ಯಾಕಿನದೋ, ಪ್ರಮಾಣಪತ್ರ ಕೊಟ್ಟವರು ಯಾರು. ಇವು ಸುದ್ದಿಯಲ್ಲಿ ಇಲ್ಲದಿದ್ದರೆ ಅದು ಹೂಡಿಕೆದಾರರಿಗಾಗಿ ಬರೆದ ಸುದ್ದಿ.

ಹೈಡ್ರೋಜನ್‌ನ ತೂಕದ ಲೆಕ್ಕ ಆಸೆ ಹುಟ್ಟಿಸುತ್ತದೆ, ಕಿಲೋಗೆ 33 ಯೂನಿಟ್. ಕಷ್ಟ ಇರುವುದು ಜಾಗದಲ್ಲಿ. ಮೈನಸ್ 253 ಡಿಗ್ರಿಗೆ ತಂಪು ಮಾಡಿ ದ್ರವ ಮಾಡಿದರೂ ಅಷ್ಟೇ ಶಕ್ತಿಗೆ ಎಟಿಎಫ್‌ನ ನಾಲ್ಕು ಪಟ್ಟು ಜಾಗ ಬೇಕು. ಅಂಥ ಟ್ಯಾಂಕು ರೆಕ್ಕೆಯೊಳಗೆ ಕೂರುವುದಿಲ್ಲ, ಪ್ರಯಾಣಿಕರ ಜಾಗವನ್ನು ಕಿತ್ತುಕೊಳ್ಳುತ್ತದೆ. ಜೀರೋಏವಿಯಾ ಕಂಪನಿ 2023ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಡಾರ್ನಿಯರ್ 228ರ ಎಡಗಡೆಗೆ ಹೈಡ್ರೋಜನ್ ಫ್ಯೂಯೆಲ್ ಸೆಲ್ (ಹೈಡ್ರೋಜನ್ನನ್ನು ಸುಡದೆಯೇ ಅದರಿಂದ ಕರೆಂಟು ತೆಗೆಯುವ ಸಾಧನ) ಮತ್ತು ಬ್ಯಾಟರಿಯಿಂದ ತಿರುಗುವ ಮೋಟರ್ ಹಾಕಿ, ಬಲಗಡೆ ಹಳೆಯ ಎಂಜಿನ್ನನ್ನೇ ಉಳಿಸಿ, 10 ನಿಮಿಷ ಹಾರಿಸಿತು. ಡಾರ್ನಿಯರ್ 228 ವಿಮಾನವನ್ನು ನಮ್ಮ ಎಚ್‌ಎಎಲ್ ಕೂಡ ಕಾನ್ಪುರದಲ್ಲಿ ತಯಾರಿಸುತ್ತದೆ. ಫ್ಯೂಯೆಲ್ ಸೆಲ್ಲಿನಲ್ಲಿ ಶಕ್ತಿಯ ಅರ್ಧದಷ್ಟು 80 ಡಿಗ್ರಿ ಆಸುಪಾಸಿನ ಬಿಸಿಯಾಗಿ ಹೊರಬರುತ್ತದೆ. ಅದನ್ನು ಹೊರದಬ್ಬಲು ದೊಡ್ಡ ರೇಡಿಯೇಟರ್ ಬೇಕು, ರೇಡಿಯೇಟರ್ ಗಾಳಿಯನ್ನು ತಡೆಯುತ್ತದೆ. 2035ಕ್ಕೆ ಹೈಡ್ರೋಜನ್ ವಿಮಾನ ತರುತ್ತೇವೆ ಎಂದಿದ್ದ ಏರ್‌ಬಸ್ 2025ರಲ್ಲಿ ಆ ಗಡುವನ್ನು ಮುಂದೂಡಿತು.

ಹಾಗಾದರೆ ನಿಮ್ಮ ದಿಲ್ಲಿ ವಿಮಾನದಲ್ಲಿ ಬದಲಾಗುವುದೇನು? ಟ್ಯಾಂಕಿಗೆ ಬೀಳುವ ಇಂಧನ. ಹೋಟೆಲಿನಲ್ಲಿ ಕರಿದು ಉಳಿದ ಎಣ್ಣೆಯನ್ನು ಸೋಸಿ, ಒತ್ತಡದಲ್ಲಿ ಹೈಡ್ರೋಜನ್ ಜೊತೆ ವೇಗವರ್ಧಕದ ಮೇಲೆ ಹಾಯಿಸಿ ಆಮ್ಲಜನಕವನ್ನು ತೆಗೆಯುತ್ತಾರೆ. ಆಮೇಲೆ ಉದ್ದನೆಯ ಅಣುಗಳನ್ನು ಮುರಿದು ಕವಲೊಡೆಸುತ್ತಾರೆ. ಈ ಎರಡನೇ ಹಂತ ಬಿಟ್ಟರೆ ಇಂಧನ ಮೇಣದಂತೆ ಗಟ್ಟಿಯಾಗುತ್ತದೆ. ವಿಮಾನಗಳು ಬಳಸುವ ಎಟಿಎಫ್ ದರ್ಜೆಯಾದ ಜೆಟ್ ಎ-1 ಮೈನಸ್ 47 ಡಿಗ್ರಿಯವರೆಗೂ ಹೆಪ್ಪುಗಟ್ಟಬಾರದು. ಲಾರಿಗೆ ಹಾಕುವ ಬಯೋಡೀಸೆಲ್ಲನ್ನು ವಿಮಾನಕ್ಕೆ ಹಾಕದಿರುವುದೂ ಇದಕ್ಕೇ. ಇಷ್ಟು ಮಾಡಿದರೂ ಸಾಮಾನ್ಯ ಎಟಿಎಫ್ ಜೊತೆ ಗರಿಷ್ಠ ಶೇ 50 ಬೆರೆಸಲು ಮಾತ್ರ ಅನುಮತಿ. ಈ ಹೊಸ ಇಂಧನದಲ್ಲಿ ಆರೊಮ್ಯಾಟಿಕ್ ಸಂಯುಕ್ತಗಳು (ಉಂಗುರದಾಕಾರದ ಅಣುಗಳು) ಇಲ್ಲವೆನ್ನುವಷ್ಟು ಕಡಿಮೆ. ಅವುಗಳಿಂದಲೇ ಉಬ್ಬಿ ಬಿಗಿಯಾಗಿರುವ ಹಳೆಯ ರಬ್ಬರ್ ಸೀಲುಗಳು ಅವು ಇಲ್ಲದಿದ್ದರೆ ಕುಗ್ಗಿ ಸೋರತೊಡಗುತ್ತವೆ. ನಮ್ಮಲ್ಲಿ 2018ರ ಆಗಸ್ಟ್‌ನಲ್ಲೇ ಡೆಹ್ರಾಡೂನಿನಿಂದ ದಿಲ್ಲಿಗೆ, ಜಟ್ರೋಫಾ ಎಣ್ಣೆಯಿಂದ ಮಾಡಿದ ಇಂಧನ ಬೆರೆಸಿ ವಿಮಾನ ಹಾರಿಸಿದ್ದರು. ಬೆಲೆ ಈಗಲೂ ಎಟಿಎಫ್‌ಗಿಂತ ಹಲವು ಪಟ್ಟು. ಸರ್ಕಾರದ ಗುರಿ 2027ಕ್ಕೆ ಶೇ 1, 2030ಕ್ಕೆ ಶೇ 5, ಅದೂ ವಿದೇಶಕ್ಕೆ ಹಾರುವ ವಿಮಾನಗಳಿಗೆ. ಒಳನಾಡಿನ ಹಾರಾಟ ಇದರೊಳಗೆ ಬಂದಿಲ್ಲ. ಬರಲೇಬೇಕು ಎಂದು ನಾವು ಕೇಳಬೇಕಾದದ್ದು ಇಲ್ಲಿ.

ಮಗಳ ಓದಿನ ವಿಚಾರ. ಬೆಲೆ ಖಂಡಿತ ಇರುತ್ತದೆ, ಏರೋನಾಟಿಕಲ್‌ಗೇ ಸೇರಲಿ. ಆದರೆ ಏರೋಡೈನಮಿಕ್ಸ್ ಒಂದನ್ನೇ ನೆಚ್ಚಿಕೊಳ್ಳುವುದು ಬೇಡ. ಮೇಲೆ ಹೇಳಿದ ತೊಡಕುಗಳಲ್ಲಿ ಹೆಚ್ಚಿನವು ಬಿಸಿಯನ್ನು ಸಾಗಿಸುವ, ಹೆಚ್ಚು ವೋಲ್ಟೇಜನ್ನು ಅಂಕೆಯಲ್ಲಿಡುವ ಮತ್ತು ಸುರಕ್ಷಿತವೆಂದು ಸಾಬೀತು ಮಾಡುವ ತೊಡಕುಗಳು. ಎತ್ತರದ ತೆಳು ಗಾಳಿಯಲ್ಲಿ, ನೆಲದ ಮೇಲೆ ಸುಮ್ಮನಿದ್ದ ತಂತಿಯಿಂದಲೂ ಕಿಡಿ ಹಾರುತ್ತದೆ. ಅದನ್ನು ಬಲ್ಲ ಎಂಜಿನಿಯರುಗಳು ಕಡಿಮೆ. ಹೀಟ್ ಟ್ರಾನ್ಸ್‌ಫರ್, ಪವರ್ ಎಲೆಕ್ಟ್ರಾನಿಕ್ಸ್ ಮತ್ತು ವಿಮಾನ ಪ್ರಮಾಣೀಕರಣ, ಈ ಮೂರನ್ನು ಐಚ್ಛಿಕ ವಿಷಯಗಳಾಗಿ ಕೊಡುವ ಕಾಲೇಜು ಹುಡುಕಿ. ಕೈಕೆಲಸದ ಕಡೆ ಒಲವಿದ್ದರೆ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ಕೊಡುವ ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿಯ ದಾರಿಯೂ ಇದೆ. ಅದರಲ್ಲಿ ಬಿ2 ವರ್ಗ ವಿದ್ಯುತ್ ಮತ್ತು ಏವಿಯಾನಿಕ್ಸ್‌ಗೆ, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳಿಗೆ, ಸೇರಿದ್ದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರ ಓದಿದವರು ಅದಕ್ಕೆ ನೇರವಾಗಿ ಸೇರಬಹುದು.